ಅಂಗೈಯಲ್ಲಿ ತೋರಿಸಿದ ಅರಮನೆ

ಡಿಸ್ನಿಲ್ಯಾಂಡ್ ನೆಲದ ಮೇಲೆ ಎದ್ದು ನಿಲ್ಲುವುದಕ್ಕೆ ಸುಮಾರು ಒಂಬತ್ತು ತಿಂಗಳು ಮೊದಲೇ ಅಮೆರಿಕದ ಮನೆಮನೆಯ ಟಿವಿಯಲ್ಲಿ ಅದರ ಬಾಗಿಲು ತೆರೆದಿತ್ತು. 1954ರ ಅಕ್ಟೋಬರ್ 27ರಂದು ಎಬಿಸಿ ವಾಹಿನಿಯಲ್ಲಿ ಶುರುವಾದ ವಾರದ ಕಾರ್ಯಕ್ರಮದ ಹೆಸರೂ 'ಡಿಸ್ನಿಲ್ಯಾಂಡ್' ಎಂದೇ. ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಕಿತ್ತಳೆ ತೋಟಗಳನ್ನು ಕಡಿದು ನೆಲ ಮಟ್ಟ ಮಾಡುತ್ತಿದ್ದ ದಿನಗಳವು. ವಾಲ್ಟ್ ಡಿಸ್ನಿ ಕ್ಯಾಮೆರಾದ ಮುಂದೆ ನಿಂತು, ಇನ್ನೂ ಇಲ್ಲದ ಊರಿನ ನಕ್ಷೆ ತೋರಿಸಿ, ಎಲ್ಲೆಲ್ಲಿ ಏನೇನು ಬರಲಿದೆ ಎಂದು ವಿವರಿಸಿದರು. ವಾಹಿನಿಯವರು ಪಾರ್ಕಿಗೆ ದುಡ್ಡು ಹಾಕಬೇಕು, ಡಿಸ್ನಿಯವರು ಅವರಿಗೆ ಕಾರ್ಯಕ್ರಮ ಮಾಡಿಕೊಡಬೇಕು ಎಂಬುದು ಒಪ್ಪಂದದ ತಿರುಳು. ಅದಕ್ಕೂ ಒಂದು ವರ್ಷ ಹಿಂದೆ, 1953ರ ಸೆಪ್ಟೆಂಬರಿನಲ್ಲಿ, ಹರ್ಬ್ ರೈಮನ್ ಎಂಬ ಕಲಾವಿದರನ್ನು ಒಂದು ವಾರಾಂತ್ಯ ಪೂರ್ತಿ ಕೂರಿಸಿಕೊಂಡು ವಾಲ್ಟ್ ಬರೆಸಿದ ಹಕ್ಕಿನೋಟದ ಚಿತ್ರವನ್ನೇ ಅಣ್ಣ ರಾಯ್ ಡಿಸ್ನಿ ನ್ಯೂಯಾರ್ಕಿಗೆ ಒಯ್ದು ಬಂಡವಾಳ ಕೇಳಿದ್ದರು. ಕೊನೆಗೆ 1955ರ ಜುಲೈ 17ರಂದು ಪಾರ್ಕು ತೆರೆದಾಗ ಅದರ ನಡುವೆ ನಿಂತಿದ್ದ ಕೋಟೆಗೆ 'ಸ್ಲೀಪಿಂಗ್ ಬ್ಯೂಟಿ'ಯ ಹೆಸರಿತ್ತು. ಆ ಸಿನಿಮಾ ತೆರೆಗೆ ಬಂದದ್ದು 1959ರಲ್ಲಿ. ಬಾರದ ಸಿನಿಮಾದ ಕೋಟೆಯನ್ನು ಜನ ಮೂರೂವರೆ ವರ್ಷ ಸುತ್ತಿ ನೋಡಿದರು.

ಸಿನಿಮಾಗಳನ್ನು ಆಧರಿಸಿ ಮುಂದೆ ಯಾವ ರೈಡ್ ಬರುತ್ತದೆ, ಎಲ್ಲಿ ಬರುತ್ತದೆ, ಯಾವುದನ್ನು ಕೆಡವಿ ಬರುತ್ತದೆ ಎಂದು ಅಭಿಮಾನಿಗಳು ಹಗಲಿರುಳು ಊಹಿಸುವ ಪದ್ಧತಿಗೆ ಬೇರು ಇಲ್ಲಿದೆ. ಹೊರಗಿನಿಂದ ನೋಡಿದವರಿಗೆ ಇದು ದೊಡ್ಡವರ ಮಕ್ಕಳಾಟ. ಕೆಲಸವಿಲ್ಲದವರ ಗಾಳಿಸುದ್ದಿ ಎಂದು ನಕ್ಕು ಸುಮ್ಮನಾಗುವವರೇ ಹೆಚ್ಚು. ಆದರೆ ಈ ಎಪ್ಪತ್ತು ವರ್ಷಗಳ ಚರಿತ್ರೆಯನ್ನು ಸಾಲಾಗಿ ಇಟ್ಟು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಥೀಮ್ ಪಾರ್ಕಿನ ಕಂಪನಿಗಳು ಟಿಕೆಟ್ ಮಾರುವುದಕ್ಕೆ ಮೊದಲು ಭರವಸೆ ಮಾರುತ್ತವೆ. ಆ ಭರವಸೆಗಳಲ್ಲಿ ಎಷ್ಟೋ ಕಟ್ಟಡವಾಗುವುದಿಲ್ಲ. ಅಂಗೈಯಲ್ಲಿ ಅರಮನೆ ನೋಡಿ ನೋಡಿ ಪಳಗಿದ ಪ್ರೇಕ್ಷಕ, ಕಿರಾಣಿ ಅಂಗಡಿಯವನು ಉದ್ದರಿ ಪುಸ್ತಕ ಇಟ್ಟಂತೆ, ಹೇಳಿದ್ದೆಷ್ಟು ಕೊಟ್ಟದ್ದೆಷ್ಟು ಎಂದು ಬರೆದಿಡತೊಡಗಿದ. ಅಭಿಮಾನಿಯ ಊಹೆ ಆ ಪುಸ್ತಕದಿಂದ ಹುಟ್ಟಿದ್ದು. ಕನಸಿಗಿಂತ ಬಾಕಿ ವಸೂಲಿಗೆ ಅದು ಹತ್ತಿರ.

ಮೊದಲ ದೊಡ್ಡ ಬಾಕಿ ಒಂದು ಖಾಲಿ ಮನೆ. ಡಿಸ್ನಿಲ್ಯಾಂಡಿನ 'ಹಾಂಟೆಡ್ ಮ್ಯಾನ್ಶನ್' ಎಂಬ ದೆವ್ವದ ಬಂಗಲೆಯ ಹೊರಗಿನ ಕಟ್ಟಡ 1963ರಲ್ಲೇ ಮುಗಿದಿತ್ತು. ಬಿಳಿ ಕಂಬಗಳು, ಕಬ್ಬಿಣದ ಕಲಾಕೃತಿಯ ಜಗಲಿ, ಅಚ್ಚುಕಟ್ಟಾದ ಅಂಗಳ. ಗೇಟಿಗೆ ಬೀಗ. ಹೊರಗೊಂದು ಫಲಕ ಹಾಕಿ, ನಿವೃತ್ತ ದೆವ್ವಗಳು ಇಲ್ಲಿ ವಾಸಕ್ಕೆ ಅರ್ಜಿ ಹಾಕಬಹುದು ಎಂಬ ಧಾಟಿಯಲ್ಲಿ ತಮಾಷೆ ಬರೆದಿದ್ದರು. ಬರೆದವರು ಮುಂದೆ ಡಿಸ್ನಿಯ ವಿನ್ಯಾಸ ವಿಭಾಗದ ಮುಖ್ಯಸ್ಥರಾದ ಮಾರ್ಟಿ ಸ್ಕ್ಲಾರ್. ಬಾಗಿಲು ತೆರೆದದ್ದು 1969ರ ಆಗಸ್ಟಿನಲ್ಲಿ, ಅಂದರೆ ಆರು ವರ್ಷದ ಮೇಲೆ. ಈ ನಡುವೆ ಪಾರ್ಕಿಗೆ ಬಂದ ಪ್ರತಿಯೊಬ್ಬರೂ ಬೀಗ ಬಿದ್ದ ಬಂಗಲೆಯ ಮುಂದೆ ಹಾದುಹೋದರು. ಮೊದಲ ಪ್ರದರ್ಶನಕ್ಕೆ ಕರೆದಿದ್ದವರೊಬ್ಬರು ಒಳಗೆ ಹೆದರಿ ಎದೆಯೊಡೆದು ಸತ್ತರಂತೆ, ಅದಕ್ಕೇ ಮುಚ್ಚಿ ಮತ್ತೆ ಕಟ್ಟುತ್ತಿದ್ದಾರಂತೆ ಎಂಬ ಕತೆ ಹಬ್ಬಿತು. ಇದು ಶುದ್ಧ ಸುಳ್ಳು. ನಿಜವಾದ ಕಾರಣಗಳು ಸಪ್ಪೆ: 1964ರ ನ್ಯೂಯಾರ್ಕ್ ವಿಶ್ವ ಮೇಳಕ್ಕೆ ನಾಲ್ಕು ಪ್ರದರ್ಶನಗಳನ್ನು ಕಟ್ಟಿಕೊಡುವ ಕೆಲಸಕ್ಕೆ ವಿನ್ಯಾಸಕಾರರೆಲ್ಲ ಹೋದರು, ನಡೆದು ನೋಡುವುದೋ ಕೂತು ನೋಡುವುದೋ ಎಂಬ ಜಗಳ ಒಳಗೆ ತೀರಲಿಲ್ಲ, 1966ರ ಡಿಸೆಂಬರಿನಲ್ಲಿ ವಾಲ್ಟ್ ತೀರಿಕೊಂಡರು. ಆದರೂ ಆ ಸುಳ್ಳನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಕಟ್ಟಡ ನಿಂತಿದೆ, ಫಲಕ ಕರೆಯುತ್ತಿದೆ, ಬಾಗಿಲು ಮಾತ್ರ ಮುಚ್ಚಿದೆ, ಯಾಕೆ? ಕೇಳಬೇಕಾದ ಪ್ರಶ್ನೆಯನ್ನೇ ಜನ ಕೇಳಿದ್ದರು. ಕಂಪನಿ ಉತ್ತರ ಕೊಡದ ಕಡೆ ಅವರೇ ಒಂದನ್ನು ತುಂಬಿಕೊಂಡರು.

ಅದೇ ಹೊತ್ತಿಗೆ ದೇಶದ ಇನ್ನೊಂದು ಮೂಲೆಯಲ್ಲಿ ಊಹೆ ಹೆಚ್ಚು ಗಂಭೀರ ರೂಪ ತಾಳಿತ್ತು. 1964-65ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ಸುತ್ತಮುತ್ತ ಯಾರೋ ಜೌಗು ಭೂಮಿಯನ್ನು ಸದ್ದಿಲ್ಲದೆ ಖರೀದಿಸುತ್ತಿದ್ದರು. ಪತ್ರಗಳಲ್ಲಿದ್ದದ್ದು 'ರೀಡಿ ಕ್ರೀಕ್ ರಾಂಚ್', 'ಲ್ಯಾಟಿನ್ ಅಮೆರಿಕನ್ ಡೆವಲಪ್‌ಮೆಂಟ್' ಮುಂತಾದ ಯಾರೂ ಕೇಳಿರದ ಕಂಪನಿಗಳ ಹೆಸರು. ಕೊನೆಗೆ ಲೆಕ್ಕ ಹಾಕಿದರೆ ಸುಮಾರು 27 ಸಾವಿರ ಎಕರೆ. ಫೋರ್ಡ್ ಎಂದರು, ವಿಮಾನ ಕಾರ್ಖಾನೆ ಎಂದರು, ಹೊವಾರ್ಡ್ ಹ್ಯೂಸ್ ಎಂದರು. 1965ರ ಅಕ್ಟೋಬರಿನಲ್ಲಿ ಎಮಿಲಿ ಬವಾರ್ ಎಂಬ ಒರ್ಲ್ಯಾಂಡೊದ ಪತ್ರಕರ್ತೆ, ಕ್ಯಾಲಿಫೋರ್ನಿಯಾಕ್ಕೆ ಬಂದಿದ್ದಾಗ, ವಾಲ್ಟ್ ಡಿಸ್ನಿಯನ್ನೇ ನೇರ ಕೇಳಿದರು. ಅವರು ಇಲ್ಲ ಎಂದರು, ಆದರೆ ಫ್ಲಾರಿಡಾದ ಬಗ್ಗೆ ಅವರಿಗಿದ್ದ ತಿಳಿವಳಿಕೆ ಇಲ್ಲ ಎನ್ನುವವನ ತಿಳಿವಳಿಕೆಯಾಗಿರಲಿಲ್ಲ. ಬವಾರ್ ಊರಿಗೆ ಬಂದು, ಆ ನಿಗೂಢ ಉದ್ಯಮ ಡಿಸ್ನಿಯದೇ ಎಂದು ಬರೆದರು. ಪತ್ರಿಕೆ ಮುಖಪುಟದಲ್ಲಿ ಹಾಕಿತು. ಮರುದಿನವೇ ರಾಜ್ಯಪಾಲರು ಹೌದೆಂದು ಒಪ್ಪಿದರು. ಮೊದಮೊದಲು ಎಕರೆಗೆ 200 ಡಾಲರಿಗೂ ಕಡಿಮೆ ದರಕ್ಕೆ ಸಿಕ್ಕ ಭೂಮಿಯ ಬೆಲೆ ಆಮೇಲೆ ಮುಗಿಲಿಗೇರಿತು. ಥೀಮ್ ಪಾರ್ಕಿನ ಊಹೆ ಹೇಗಿರಬೇಕು ಎಂಬುದಕ್ಕೆ ಬವಾರ್ ಹಾಕಿಕೊಟ್ಟ ಮಾದರಿ ಇವತ್ತಿಗೂ ಕೆಲಸಕ್ಕೆ ಬರುತ್ತದೆ: ಭೂ ದಾಖಲೆ ಒಂದು ಕಡೆ, ಕಂಪನಿಯ ನಿರಾಕರಣೆ ಇನ್ನೊಂದು ಕಡೆ, ಎರಡನ್ನೂ ಎದುರಾಬದುರು ಕೂರಿಸುವುದು.

ಆಗಿನ್ನೂ ಊಹೆಯ ವಿಷಯ 'ಏನು ಬರುತ್ತದೆ' ಎಂಬುದಷ್ಟೇ. 'ಯಾವ ಸಿನಿಮಾ ಬರುತ್ತದೆ' ಎಂಬ ಪ್ರಶ್ನೆ ಮೇಲೆ ಬಂದದ್ದು 80ರ ದಶಕದಲ್ಲಿ. 1987ರ ಜನವರಿಯಲ್ಲಿ ಡಿಸ್ನಿಲ್ಯಾಂಡಿಗೆ 'ಸ್ಟಾರ್ ಟೂರ್ಸ್' ಬಂತು. 'ಸ್ಟಾರ್ ವಾರ್ಸ್' ಆಗ ಡಿಸ್ನಿಯದಲ್ಲ, ಜಾರ್ಜ್ ಲ್ಯೂಕಸ್ ಅವರದು. ಹೊರಗಿನವರ ಸಿನಿಮಾವನ್ನು ಕರಾರು ಮಾಡಿಕೊಂಡು ತರಬಹುದು ಎಂದಾದ ಮೇಲೆ ಯಾವ ಸಿನಿಮಾ ಬೇಕಾದರೂ ಬರಬಹುದು ಎಂದಾಯಿತು. 1990ರ ಜೂನಿನಲ್ಲಿ ಒರ್ಲ್ಯಾಂಡೊದಲ್ಲಿ ಯೂನಿವರ್ಸಲ್ ಸ್ಟುಡಿಯೊದ ಪಾರ್ಕ್ ತೆರೆದು ಪೈಪೋಟಿ ಪಕ್ಕಾ ಆಯಿತು. ಅದೇ ವರ್ಷದ ಆರಂಭದಲ್ಲಿ ಡಿಸ್ನಿಯ ಮುಖ್ಯಸ್ಥ ಮೈಕೆಲ್ ಐಸ್ನರ್ ಮುಂದಿನ ಹತ್ತು ವರ್ಷಕ್ಕೆ 'ಡಿಸ್ನಿ ದಶಕ' ಎಂಬ ಯೋಜನೆ ಘೋಷಿಸಿದರು. ಪಟ್ಟಿ ಉದ್ದವಿತ್ತು. ಡಿಕ್ ಟ್ರೇಸಿ ಪತ್ತೇದಾರನ ರೈಡ್, ರೋಜರ್ ರ‍್ಯಾಬಿಟ್ ಮೊಲದ ರೈಡ್‌ಗಳು, ಹೊಸ ಹೋಟೆಲುಗಳು. 'ಡಿಕ್ ಟ್ರೇಸಿ' ಸಿನಿಮಾ ಎಣಿಸಿದಷ್ಟು ಓಡಲಿಲ್ಲ. 1992ರ ಏಪ್ರಿಲಿನಲ್ಲಿ ಪ್ಯಾರಿಸ್ ಬಳಿ ತೆರೆದ ಯೂರೋ ಡಿಸ್ನಿ ಸಾಲದಲ್ಲಿ ಮುಳುಗಿತು. ಅನಾಹೈಮ್‌ಗೆಂದು 1991ರಲ್ಲಿ ಘೋಷಿಸಿದ 'ವೆಸ್ಟ್‌ಕಾಟ್' ಪಾರ್ಕು ಬರಲಿಲ್ಲ. ವರ್ಜೀನಿಯಾದಲ್ಲಿ 1993ರಲ್ಲಿ ಘೋಷಿಸಿದ ಇತಿಹಾಸದ ಪಾರ್ಕನ್ನು ಮರುವರ್ಷವೇ ಕೈಬಿಟ್ಟರು. ಘೋಷಣೆ ಎಂದರೆ ಕಟ್ಟಡವಲ್ಲ ಎಂಬುದನ್ನು ಒಂದಿಡೀ ಪೀಳಿಗೆ ಕಲಿತದ್ದು ಈ ಐದಾರು ವರ್ಷಗಳಲ್ಲಿ.

ಇದರ ಅತಿ ಸ್ಪಷ್ಟ ಗುರುತು ಉಳಿದಿರುವುದು ಫ್ಲಾರಿಡಾದ 'ಅನಿಮಲ್ ಕಿಂಗ್‌ಡಮ್'ನಲ್ಲಿ. 1998ರ ಏಪ್ರಿಲ್ 22ರಂದು ತೆರೆದ ಈ ಪಾರ್ಕಿನಲ್ಲಿ ಬದುಕಿರುವ ಪ್ರಾಣಿಗಳು, ಅಳಿದ ಡೈನೋಸಾರ್‌ಗಳು, ಕಲ್ಪನೆಯ ಪ್ರಾಣಿಗಳು ಎಂಬ ಮೂರೂ ಬಗೆಗೆ ಜಾಗವಿರಬೇಕಿತ್ತು. ದುಡ್ಡು ಸಾಲದೆ ಮೂರನೆಯದನ್ನು ಮುಂದೂಡಿದರು. ಡ್ರ್ಯಾಗನ್ನು, ಒಂಟಿಕೊಂಬಿನ ಕುದುರೆಗಳ ಆ ಭಾಗದ ಹೆಸರು 'ಬೀಸ್ಟ್ಲಿ ಕಿಂಗ್‌ಡಮ್'. ಅದು ಬರಲೇ ಇಲ್ಲ, ಆದರೆ ಅದರ ಗುರುತುಗಳು ಆಗಲೇ ಬಂದುಬಿಟ್ಟಿದ್ದವು. ಪಾರ್ಕಿನ ಲಾಂಛನದಲ್ಲಿ ಆನೆ, ಸಿಂಹಗಳ ಜತೆ ರೆಕ್ಕೆ ಬಿಚ್ಚಿದ ಡ್ರ್ಯಾಗನ್. ಟಿಕೆಟ್ ಕೌಂಟರಿನ ಮೇಲೆ ಡ್ರ್ಯಾಗನ್ನಿನ ತಲೆ. ಕಾರು ನಿಲ್ಲಿಸುವ ಬಯಲಿನ ಒಂದು ಸಾಲಿಗೆ 'ಯೂನಿಕಾರ್ನ್' ಎಂಬ ಹೆಸರು. ನದಿಯಲ್ಲಿ ದೋಣಿ ಹೋಗುವಾಗ ದಡದ ಗುಹೆಯೊಂದರಿಂದ ಬೆಂಕಿ ಉಗುಳುವ ಏರ್ಪಾಡು. ಇಲ್ಲದ ಭಾಗಕ್ಕೆ ಇಷ್ಟೆಲ್ಲ ಸಾಕ್ಷಿ ಇದ್ದರೆ ಊಹಿಸುವವರನ್ನು ದೂರುವುದು ಹೇಗೆ? ಹತ್ತು ವರ್ಷಕ್ಕೂ ಮೇಲೆ ಅಭಿಮಾನಿಗಳು ಆ ಗುಹೆ, ಆ ತಲೆ, ಆ ಹೆಸರುಗಳನ್ನು ಎತ್ತಿ ಎತ್ತಿ ತೋರಿಸಿದರು. ಕೆಲಸ ಕಳೆದುಕೊಂಡ ಕೆಲವು ವಿನ್ಯಾಸಕಾರರು ಯೂನಿವರ್ಸಲ್ ಸೇರಿ, 1999ರಲ್ಲಿ ಅಲ್ಲಿ ತೆರೆದ ಜೋಡಿ ಡ್ರ್ಯಾಗನ್ ರೋಲರ್ ಕೋಸ್ಟರಿಗೆ ಇದೇ ಕಲ್ಪನೆಯನ್ನು ಒಯ್ದರು ಎಂಬುದು ಅಭಿಮಾನಿಗಳು ಹೇಳಿಕೊಂಡು ಬಂದ ಕತೆ. ಹೀಗೆ ಊಹೆ ಭವಿಷ್ಯದಿಂದ ಹಿಂದಕ್ಕೂ ಹರಿಯಿತು. ಬರಬೇಕಾದದ್ದರ ಜತೆಗೆ ಬಾರದೆ ಹೋದದ್ದರ ಚರಿತ್ರೆಯನ್ನೂ ಅದು ಬರೆಯಿತು. ಕೊನೆಗೆ 2011ರ ಸೆಪ್ಟೆಂಬರಿನಲ್ಲಿ ಡಿಸ್ನಿ, ಜೇಮ್ಸ್ ಕ್ಯಾಮೆರಾನ್ ಅವರ 'ಅವತಾರ್' ಸಿನಿಮಾದ ಲೋಕವನ್ನು ಕಟ್ಟುವುದಾಗಿ ಹೇಳಿತು. 2017ರ ಮೇ 27ರಂದು 'ಪಂಡೋರಾ' ತೆರೆಯಿತು, ಬೀಸ್ಟ್ಲಿ ಕಿಂಗ್‌ಡಮ್ ಬರಬೇಕಿದ್ದ ಜಾಗದಲ್ಲೇ.

ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. ಅಭಿಮಾನಿಗಳು ಕಂಪನಿಯ ಬಾಯಿ ನೋಡುವುದನ್ನು ಬಿಟ್ಟು ಕಾಗದ ನೋಡತೊಡಗಿದರು. ಫ್ಲಾರಿಡಾದಲ್ಲಿ ಸರ್ಕಾರಿ ದಾಖಲೆಗಳು ಸಾರ್ವಜನಿಕರಿಗೆ ಮುಕ್ತ. ಕಟ್ಟಡದ ಕೆಲಸ ಶುರು ಮಾಡುವ ಮೊದಲು ಮಾಲೀಕ ಕೌಂಟಿ ಕಚೇರಿಯಲ್ಲಿ ಒಂದು ನೋಟಿಸು ದಾಖಲಿಸಬೇಕು. ಅದು ನೋಡಲು ಏನೇನೂ ಅಲ್ಲದ ಒಂದು ಹಾಳೆ: ಜಾಗದ ವಿವರ, ಮಾಲೀಕನ ಹೆಸರು, ಗುತ್ತಿಗೆದಾರನ ಹೆಸರು ವಿಳಾಸ, ನೋಟಿಸಿನ ಅವಧಿ ಮುಗಿಯುವ ದಿನ. ಕೆಲಸ ಏನು ಎಂಬ ಕಡೆ 'ಸಾಮಾನ್ಯ ನಿರ್ಮಾಣ' ಎಂದೋ 'ಸೆಟ್ ಅಳವಡಿಕೆ' ಎಂದೋ ಎರಡು ಪದ. ಆದರೆ ಗುತ್ತಿಗೆದಾರ ಕೃತಕ ಬಂಡೆ ಮಾಡುವುದರಲ್ಲಿ ಹೆಸರಾದವನಾಗಿದ್ದರೆ, ಅವಧಿ ಎರಡು ವರ್ಷಕ್ಕಿದ್ದರೆ, ಹಾಳೆ ಬಾಯಿಬಿಡುತ್ತದೆ. ನೀರು ನಿರ್ವಹಣಾ ಮಂಡಳಿಗೆ ಕೊಡುವ ಅರ್ಜಿಯಲ್ಲಿ ಮಳೆನೀರು ಎಲ್ಲಿಗೆ ಹರಿಯಬೇಕೆಂದು ತೋರಿಸುವ ನಕ್ಷೆ ಇರುತ್ತದೆ. ನೀರಿನ ನಕ್ಷೆಯಲ್ಲಿ ಕಟ್ಟಡದ ಹೊರಗೆರೆ ಬಾರದೆ ಇರುವುದಿಲ್ಲ. ಪೇಟೆಂಟ್ ಅರ್ಜಿಗಳದ್ದು ಇನ್ನೊಂದು ಗಣಿ. ಬಂಡಿ ಮುರಿದ ಹಳಿಯ ಮೇಲಿಂದ ಹಾರಿದಂತೆ ಕಾಣಬೇಕು, ನಿಜವಾದ ಹಳಿ ಕೆಳಗೆ ಅಡಗಿ ಒಂದು ತೋಳಿನಿಂದ ಅದನ್ನು ಹಿಡಿದಿರಬೇಕು ಎಂಬ ಯೂನಿವರ್ಸಲ್‌ನ ವಿನ್ಯಾಸ ಪೇಟೆಂಟ್ ಕಾಗದದಲ್ಲಿ ಕಂಡಾಗ, ಡಾಂಕಿ ಕಾಂಗ್ ಆಟ ಆಡಿ ಬೆಳೆದವರು ಇದು ಆ ಆಟದ ಗಣಿ ಬಂಡಿಯೇ ಎಂದು ಗುರುತಿಸಿದರು. 2024ರ ಡಿಸೆಂಬರಿನಲ್ಲಿ ಜಪಾನಿನಲ್ಲೂ 2025ರ ಮೇ ತಿಂಗಳಲ್ಲಿ ಒರ್ಲ್ಯಾಂಡೊದ ಯೂನಿವರ್ಸಲ್ ಪಾರ್ಕಾದ ಎಪಿಕ್ ಯೂನಿವರ್ಸ್‌ನಲ್ಲೂ ಅದು ಓಡಿತು.

ಮಾರ್ವೆಲ್ ಪ್ರಕರಣ ಇದಕ್ಕಿಂತ ಸೊಗಸಾಗಿದೆ. 1994ರಲ್ಲಿ, ಸೂಪರ್ ಹೀರೋ ಸಿನಿಮಾಗಳ ಭರಾಟೆ ಇನ್ನೂ ಹುಟ್ಟದಿದ್ದಾಗ, ಮಾರ್ವೆಲ್ ತನ್ನ ಪಾತ್ರಗಳನ್ನು ಪಾರ್ಕುಗಳಲ್ಲಿ ಬಳಸುವ ಹಕ್ಕನ್ನು ಯೂನಿವರ್ಸಲ್‌ನ ಮಾತೃಸಂಸ್ಥೆಗೆ ಕೊಟ್ಟಿತ್ತು. 2009ರಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರಿಗೆ ಮಾರ್ವೆಲ್ಲನ್ನೇ ಕೊಂಡಿತು, ಆದರೆ ಹಳೆಯ ಕರಾರು ಊರ್ಜಿತದಲ್ಲೇ ಉಳಿಯಿತು. ಷೇರು ನಿಯಂತ್ರಕರಿಗೆ ಸಲ್ಲಿಸಿದ ಕಡತಗಳಲ್ಲಿ ಆ ಕರಾರಿನ ಪಠ್ಯ ಸಿಗುತ್ತದೆ. ವಕೀಲಿಕೆ ಓದದ ಸಾವಿರಾರು ಮಂದಿ ಅದರ ಒಂದೊಂದು ಷರತ್ತನ್ನೂ ಬಿಡಿಸಿ ಓದಿದರು. ಮಿಸಿಸಿಪ್ಪಿ ನದಿಯ ಪೂರ್ವಕ್ಕೆ, ಯೂನಿವರ್ಸಲ್ ಬಳಸುತ್ತಿರುವ ಪಾತ್ರಗಳಾಗಲಿ ಅವರ ಬಳಗದವರಾಗಲಿ ಬೇರೆ ಪಾರ್ಕಿನಲ್ಲಿ ಕಾಣಿಸಿಕೊಳ್ಳುವಂತಿಲ್ಲ. (ಮಹಾಬಲಶಾಲಿಗಳಿಗೂ ದಾಟಲಾಗದ ನದಿಯೊಂದಿದೆ ಎಂಬುದು ಸಿನಿಮಾದವರಿಗೆ ಹೊಳೆದಿಲ್ಲ.) ಹಾಗಾದರೆ ಯೂನಿವರ್ಸಲ್ ಮುಟ್ಟದೆ ಬಿಟ್ಟವರು ಯಾರು? 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ತಂಡ. ಫ್ಲಾರಿಡಾದ ಡಿಸ್ನಿಯಲ್ಲಿ ಮಾರ್ವೆಲ್ ರೈಡ್ ಬಂದರೆ ಇವರದೇ ಬರಬೇಕು ಎಂಬ ತೀರ್ಮಾನ ಕರಾರಿನಿಂದ ನೇರವಾಗಿ ಬಂದದ್ದು. 2017ರಲ್ಲಿ ಘೋಷಣೆಯಾಯಿತು, 2022ರ ಮೇ ತಿಂಗಳಲ್ಲಿ ಅಲ್ಲಿನ ಪಾರ್ಕುಗಳಲ್ಲೊಂದಾದ ಎಪ್ಕಾಟ್‌ನಲ್ಲಿ ರೈಡ್ ತೆರೆಯಿತು. ಇದನ್ನು ಗಾಳಿಸುದ್ದಿ ಎನ್ನುವವರು ನ್ಯಾಯಾಲಯದ ವಾದವನ್ನೂ ಹಾಗೆಯೇ ಕರೆಯಬೇಕಾದೀತು.

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ, ಅದು ಹಗುರವಾದದ್ದಲ್ಲ. ಊಹಿಸುವವರು ಕಂಪನಿಗೆ ಬಿಟ್ಟಿ ಪ್ರಚಾರ ಮಾಡುವವರು. ಲೆಕ್ಕ ಕೇಳುತ್ತಿದ್ದೇವೆ ಎಂದುಕೊಂಡೇ ಅವರು ಗಾಳಕ್ಕೆ ಸಿಕ್ಕ ಮೀನುಗಳು ಎನ್ನುತ್ತಾರೆ. ಇದಕ್ಕೆ ಆಧಾರವೂ ಇದೆ. 2022ರ ಸೆಪ್ಟೆಂಬರಿನಲ್ಲಿ ಡಿಸ್ನಿಯ ಅಭಿಮಾನಿ ಸಮಾವೇಶದಲ್ಲಿ ಪಾರ್ಕುಗಳ ಮುಖ್ಯಸ್ಥ ಜಾಶ್ ಡಿ'ಅಮಾರೋ ವೇದಿಕೆಯ ಮೇಲೇ ಊಹೆಗೆ ಇಳಿದರು. ಅನಿಮಲ್ ಕಿಂಗ್‌ಡಮ್‌ನ ಡೈನೋಸಾರ್ ಭಾಗದಲ್ಲಿ 'ಝೂಟೋಪಿಯಾ', 'ಮೋವಾನಾ' ಬಂದರೆ ಹೇಗೆ, ಫ್ಲಾರಿಡಾದಲ್ಲೇ ಇರುವ ಇನ್ನೊಂದು ಡಿಸ್ನಿ ಪಾರ್ಕು ಮ್ಯಾಜಿಕ್ ಕಿಂಗ್‌ಡಮ್‌ನ ಬಿಗ್ ಥಂಡರ್ ಗುಡ್ಡದ ಆಚೆ 'ಎನ್‌ಕ್ಯಾಂಟೊ', 'ಕೋಕೊ', ಖಳನಾಯಕರ ಲೋಕ ಬಂದರೆ ಹೇಗೆ ಎಂದು ಚಿತ್ರ ತೋರಿಸಿದರು. ಯಾವುದೂ ನಿಶ್ಚಯವಲ್ಲ ಎಂದೂ ಸೇರಿಸಿದರು. ಕಟ್ಟುವ ಹೊಣೆ ಹೊರದೆ ಭರವಸೆಯ ಲಾಭ ಪಡೆಯುವ ಇದಕ್ಕಿಂತ ಅಗ್ಗದ ದಾರಿ ಇಲ್ಲ. ಆದರೆ ಅದೇ ಪ್ರೇಕ್ಷಕರು ಅದನ್ನು ಏನು ಮಾಡಿದರು ನೋಡಿ. 2024ರ ಆಗಸ್ಟಿನ ಸಮಾವೇಶದಲ್ಲಿ ನಿಶ್ಚಿತ ಘೋಷಣೆಗಳು ಬಂದ ಹೊತ್ತಿಗೆ 2022ರ ಚಿತ್ರಗಳ ಪಟ್ಟಿ ಅವರ ಕೈಯಲ್ಲಿತ್ತು, ಯಾವುದು ಉಳಿಯಿತು ಯಾವುದು ಜಾರಿತು ಎಂದು ಅಂದೇ ಗುರುತು ಹಾಕಿದರು. 'ಸ್ಟಾರ್ ವಾರ್ಸ್'ನ 'ಗ್ಯಾಲಕ್ಸೀಸ್ ಎಡ್ಜ್' ಎಂಬ ಊರಿನ ವಿಷಯದಲ್ಲೂ ಹೀಗೆಯೇ ಆಗಿತ್ತು. ನೀವು ರೈಡಿನಲ್ಲಿ ನೌಕೆಯನ್ನು ಜಖಂ ಮಾಡಿದರೆ ಆ ಸುದ್ದಿ ನಿಮಗಿಂತ ಮೊದಲು ಪಾನಶಾಲೆಗೆ ಮುಟ್ಟಿರುತ್ತದೆ ಎಂಬರ್ಥದ ಭರವಸೆ 2017ರಲ್ಲಿ ಸಿಕ್ಕಿತ್ತು. 2019ರಲ್ಲಿ ತೆರೆದ ಊರಿನಲ್ಲಿ ಪಾನಶಾಲೆ ಇತ್ತು, ಆ ಏರ್ಪಾಡು ಇರಲಿಲ್ಲ. ಕಂಪನಿ ಅದನ್ನು ಮರೆತರೂ ಊಹಿಸಿದವರು ಮರೆಯಲಿಲ್ಲ. ಗಾಳಕ್ಕೆ ಸಿಕ್ಕ ಮೀನಿಗೆ ಇಷ್ಟು ನೆನಪಿರುವುದಿಲ್ಲ.

ಬಹುಪಾಲು ಊಹೆಗಳು ತಪ್ಪಾಗುತ್ತವೆ ಎಂಬುದು ಎರಡನೆಯ ಆಕ್ಷೇಪಣೆ. ನಿಜವೇ. 'ಸ್ಟಾರ್ ವಾರ್ಸ್' ಲೋಕ ಬರುತ್ತದೆ ಎಂದಾಗ ಸಿನಿಮಾದಲ್ಲಿ ಕಂಡ ಟ್ಯಾಟೂಯಿನ್ ಮರುಭೂಮಿಯನ್ನೇ ಕಟ್ಟುತ್ತಾರೆ ಎಂದುಕೊಂಡವರು ಬಹಳ. ಕಂಪನಿ ಯಾವ ಸಿನಿಮಾದಲ್ಲೂ ಇಲ್ಲದ ಬಾಟೂ ಎಂಬ ಗ್ರಹವನ್ನು ಹುಟ್ಟಿಸಿತು. ಆದರೆ ತಪ್ಪುಗಳಲ್ಲಿ ಎರಡು ಬಗೆ. ಮನಸ್ಸಿನ ಆಸೆಯನ್ನೇ ಸುದ್ದಿ ಮಾಡುವುದು ಒಂದು. ಅದಕ್ಕೆ ವಕಾಲತ್ತು ಬೇಡ. ಇನ್ನೊಂದು ಬಗೆಯಲ್ಲಿ ಊಹೆ ಸರಿಯಿದ್ದು ಯೋಜನೆ ಬದಲಾಗಿರುತ್ತದೆ, ಅಥವಾ ಕಾಲ ಕೂಡಿಬಂದಿರುವುದಿಲ್ಲ. ಡಿಸ್ನಿಲ್ಯಾಂಡಿನಲ್ಲಿ 1995ರಲ್ಲಿ ಬಂದ ಇಂಡಿಯಾನಾ ಜೋನ್ಸ್ ರೈಡ್ ಮತ್ತು ಅನಿಮಲ್ ಕಿಂಗ್‌ಡಮ್‌ನಲ್ಲಿ 1998ರಲ್ಲಿ ಬಂದ 'ಡೈನೋಸಾರ್' ರೈಡ್ ಎರಡರದ್ದೂ ಒಂದೇ ತಂತ್ರಜ್ಞಾನದ ಬಂಡಿ, ದಾರಿಯ ತಿರುವುಗಳೂ ಹೆಚ್ಚುಕಮ್ಮಿ ಒಂದೇ. ಇದನ್ನು ಗಮನಿಸಿದವರು, ಡೈನೋಸಾರ್ ಯಾವತ್ತಾದರೂ ಇಂಡಿಯಾನಾ ಜೋನ್ಸ್ ಆಗುತ್ತದೆ ಎಂದು ವರ್ಷಗಟ್ಟಲೆ ಹೇಳಿ ನಗೆಪಾಟಲಾದರು. 2024ರ ಸಮಾವೇಶದಲ್ಲಿ ಕಂಪನಿ ಅದನ್ನೇ ಘೋಷಿಸಿತು. 2001ರ 'ಮಾನ್ಸ್ಟರ್ಸ್ ಇಂಕ್' ಸಿನಿಮಾದಲ್ಲಿ ಬಾಗಿಲುಗಳು ತೂಗಾಡುತ್ತ ಓಡುವ ದೃಶ್ಯ ನೋಡಿದಾಗಿನಿಂದ ಇದೊಂದು ರೋಲರ್ ಕೋಸ್ಟರ್ ಆಗಬೇಕು ಎಂದವರಿಗೂ ಅದೇ ವೇದಿಕೆಯಲ್ಲಿ ಉತ್ತರ ಸಿಕ್ಕಿತು.

ನನಗೆ ಸುಲಭವಾಗಿ ಉತ್ತರ ಹೊಳೆಯದ ಆಕ್ಷೇಪಣೆ ಮೂರನೆಯದು. ಲೆಕ್ಕ ಇಡುವವನಿಗೆ ಹಳೆಯದೆಲ್ಲ ಆಸ್ತಿಯಾಗಿ, ಹೊಸದೆಲ್ಲ ನಷ್ಟವಾಗಿ ಕಾಣುವ ಅಪಾಯವಿದೆ. 'ಅವತಾರ್' ಘೋಷಣೆಯಾದಾಗ ಯಾರಿಗೂ ನೆನಪಿರದ ಸಿನಿಮಾ ಎಂದು ಮೂಗು ಮುರಿದವರು, ತೆರೆದ ಮೇಲೆ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. 'ಸ್ಪ್ಲ್ಯಾಶ್ ಮೌಂಟನ್' ವಿಷಯ ಇನ್ನೂ ಸೂಕ್ಷ್ಮ. 1989ರ ಆ ರೈಡಿನ ಮೂಲ 1946ರ 'ಸಾಂಗ್ ಆಫ್ ದಿ ಸೌತ್'. ಕಪ್ಪುಜನರ ಗುಲಾಮಗಿರಿಯ ನೆನಪನ್ನು ಸಿಹಿ ಮಾಡಿ ತೋರಿಸಿದ್ದಕ್ಕೆ ಆ ಸಿನಿಮಾವನ್ನು ಡಿಸ್ನಿಯೇ ಅಮೆರಿಕದಲ್ಲಿ ಮನೆವೀಡಿಯೊ ರೂಪದಲ್ಲೂ ಹೊರತರಲಿಲ್ಲ. ರೈಡನ್ನು ಬದಲಿಸುವುದು ಬೇಡವೆಂದು ಹಟ ಹಿಡಿದವರು ಅಭಿಮಾನಿಗಳಲ್ಲೇ ಇದ್ದರು. ಆದರೆ 2020ರ ಜೂನಿನಲ್ಲಿ, ಅದನ್ನು 'ಪ್ರಿನ್ಸೆಸ್ ಅಂಡ್ ದಿ ಫ್ರಾಗ್' ಸಿನಿಮಾದ ಟಿಯಾನಾಳ ಕತೆಯಾಗಿ ಬದಲಿಸಿ ಎಂದು ಮನವಿಗೆ ಸಾವಿರಾರು ಸಹಿ ಹಾಕಿದವರೂ ಅಭಿಮಾನಿಗಳೇ. ಅದೇ ತಿಂಗಳ 25ರಂದು ಡಿಸ್ನಿ ಬದಲಾವಣೆ ಘೋಷಿಸಿತು. ಹಿಂದಿನ ವರ್ಷದಿಂದಲೇ ಕೆಲಸ ನಡೆದಿದೆ ಎಂದೂ ಹೇಳಿತು. ಯಾವ ಕತೆ ಎಂಬುದನ್ನು ಮನವಿಯವರು ಮೊದಲೇ ಸರಿಯಾಗಿ ಹೆಸರಿಸಿದ್ದರು. ಹಾಗಾಗಿ ಊಹೆಯ ಪದ್ಧತಿ ಹಳೆಯದಕ್ಕೇ ಜೋತುಬೀಳುತ್ತದೆ ಎಂಬ ಮಾತನ್ನು ಅರ್ಧ ಮಾತ್ರ ಒಪ್ಪಬಹುದು.

2025ರ ಜುಲೈಯಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ನದಿಯನ್ನು ಮುಚ್ಚಿದರು. ಅಲ್ಲಿ 'ಕಾರ್ಸ್' ಸಿನಿಮಾದ ರೈಡ್‌ಗಳು ಬರಲಿವೆ. ಅನಿಮಲ್ ಕಿಂಗ್‌ಡಮ್‌ನ ಡೈನೋಸಾರ್ ಭಾಗದಲ್ಲಿ ಇಂಡಿಯಾನಾ ಜೋನ್ಸ್, ಎನ್‌ಕ್ಯಾಂಟೊಗಳಿಗೆ 2027ರ ಗಡುವು ಕೊಟ್ಟಿದ್ದಾರೆ. ಅಲ್ಲೇ ಊರಾಗಬೇಕಿದ್ದ 'ಝೂಟೋಪಿಯಾ' ಒಂದು ರಂಗಮಂದಿರದ ಕಿರುಪ್ರದರ್ಶನವಾಗಿ ಮುಗಿದಿದೆ. ಖಳನಾಯಕರ ಲೋಕ ಬರುವುದು ನಿಶ್ಚಯ ಎಂದು 2024ರಲ್ಲಿ ಹೇಳಿದವರು ತೆರೆಯುವ ವರ್ಷವನ್ನು ಹೇಳಲಿಲ್ಲ. ಅದರ ಸುತ್ತ ಈಗ ಎದ್ದಿರುವ ಊಹೆಗಳಲ್ಲಿ ಯಾವ ಖಳ, ಯಾವ ರೈಡ್ ಎಂಬುದರಷ್ಟೇ ಜೋರಾಗಿ ಕೇಳಿಬರುತ್ತಿರುವುದು ಇನ್ನೊಂದು ಪ್ರಶ್ನೆ: ಕೆಲಸ ಶುರುವಿನ ನೋಟಿಸು ಕೌಂಟಿ ಕಚೇರಿಗೆ ಯಾವಾಗ ಬರುತ್ತದೆ?